ಬಣ್ಣ ಬದಲಿಸುವ ಸೀಗಡಿ

ಕಾರವಾರದ ಮೀನುಪೇಟೆಯಲ್ಲಿ ಬೆಳಗಿನ ಹೊತ್ತು ಬುಟ್ಟಿಗಳ ಮುಂದೆ ಕುಳಿತಿರುವ ಹೆಂಗಸರು ಸೀಗಡಿಯ ವಯಸ್ಸನ್ನು ಅದರ ಬಣ್ಣದಿಂದಲೇ ಹೇಳಬಲ್ಲರು. ಮೈ ಗಾಜಿನಂತೆ ತಿಳಿಯಾಗಿದ್ದರೆ ಈಗತಾನೆ ದೋಣಿಯಿಂದ ಇಳಿದದ್ದು. ತಲೆಯ ಬುಡದಲ್ಲಿ ಕಪ್ಪು ಹಬ್ಬಿದ್ದರೆ ಹಿಡಿದು ಬಹಳ ಹೊತ್ತಾದದ್ದು. ಕೊಯ್ದಿಟ್ಟ ಬದನೆಕಾಯಿ ಗಾಳಿ ತಗುಲಿ ಕಪ್ಪಾಗುವ ಬಗೆಯದೇ ಈ ಕಪ್ಪು ಕೂಡ. ಸತ್ತ ಸೀಗಡಿಯ ಮೈಯಲ್ಲಿ ಉಳಿದಿರುವ ಒಂದು ಕಿಣ್ವವು ಗಾಳಿಯ ಆಮ್ಲಜನಕದೊಡನೆ ಸೇರಿ ಮೆಲನಿನ್ ಎಂಬ ಕರಿಯ ದ್ರವ್ಯವನ್ನು ಹುಟ್ಟಿಸುತ್ತದೆ. ಮಂಜುಗಡ್ಡೆಯಲ್ಲಿಟ್ಟರೆ ಆ ಕೆಲಸ ನಿಧಾನವಾಗುತ್ತದೆ. ಕೊಂಕಣಿಗರು ಸುಂಗಟವೆಂದೂ, ಅಂಕೋಲೆ ಕುಮಟೆಗಳ ಕನ್ನಡಿಗರು ಶೆಟ್ಲಿಯೆಂದೂ ಕರೆಯುವ ಈ ಪ್ರಾಣಿ ಮನೆಗೆ ಬಂದು ಬಾಣಲೆಗೆ ಬಿದ್ದ ಎರಡು ನಿಮಿಷಗಳಲ್ಲಿ ಕೆಂಪಾಗುವುದನ್ನು ನಾವು ದಿನವೂ ನೋಡುತ್ತೇವಾದುದರಿಂದ ಅದು ನಮಗೆ ಅಚ್ಚರಿಯೆಂದೇ ತೋರುವುದಿಲ್ಲ. ಬದುಕಿರುವ ಸೀಗಡಿ ಕಣ್ಣೆದುರಿನಲ್ಲಿಯೇ ಬಣ್ಣ ಬದಲಿಸಿದರೆ ಮಾತ್ರ ನಾವು ಬೆಚ್ಚಿ ಬೀಳುತ್ತೇವೆ.

ಕಳೆದ ಮಳೆಗಾಲ ಮುಗಿದ ಹೊಸದರಲ್ಲಿ ಹೀಗೆ ಬೆಚ್ಚಿಬಿದ್ದ ವಿದ್ಯಾರ್ಥಿಯೊಬ್ಬನು ನಮ್ಮ ಪ್ರಯೋಗಶಾಲೆಯ ಬಾಗಿಲಿಗೆ ಬಂದು ನಿಂತನು. ಅಂಕೋಲೆಯ ಕಡೆಯ ಹುಡುಗ. ಹುಬ್ಬಳ್ಳಿಯ ಅಂಗಡಿಯೊಂದರಿಂದ ಹನ್ನೆರಡು ಕೆಂಪು ಸೀಗಡಿಗಳನ್ನು ತಂದು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ್ದನಂತೆ. ಇವು ತೈವಾನ್ ಮತ್ತು ಚೀನದ ಸಿಹಿನೀರಿನ ಹೊಳೆಗಳಲ್ಲಿರುವ ನಿಯೊಕ್ಯಾರಿಡಿನ ಎಂಬ ಕುಲದವು, ಬೆರಳಿನ ಒಂದು ಗೆಣ್ಣಿನಷ್ಟೇ ಉದ್ದ. ಕಾಡಿನಲ್ಲಿ ಕಂದು ಬಣ್ಣದ್ದಾಗಿರುವ ಈ ಜಾತಿಯಿಂದ ಕೆಂಪಾದುವನ್ನೇ ಆಯ್ದು ಆಯ್ದು ತಳಿ ಬೆಳೆಸಿ, ಚೆರ್ರಿ ಸೀಗಡಿಯೆಂಬ ಹೆಸರಿನಿಂದ ಲೋಕವೆಲ್ಲ ಮಾರುತ್ತಾರೆ.

“ಸರ್, ಮೂರೇ ದಿನಕ್ಕೆ ಎಲ್ಲವೂ ಬಿಳಚಿಕೊಂಡಿವೆ. ರೋಗವೇ ಇರಬೇಕು,” ಎಂದು ಅವನು ಕಿಸೆಯಿಂದ ಒಂದು ಔಷಧದ ಸೀಸೆಯನ್ನು ತೆಗೆದು ತೋರಿಸಿದನು. ಹಿಂದಿನ ವಾರ ತರಗತಿಯಲ್ಲಿ ವಸ್ತುಗಳು ಬೆಳಕನ್ನು ಹೀರುವ ಪಾಠ ನಡೆದಿತ್ತು. ಭೌತಶಾಸ್ತ್ರದ ಮೇಷ್ಟರಲ್ಲಿಗೆ ಸೀಗಡಿಯ ದೂರು ಬಂದದ್ದು ಆ ಕಾರಣದಿಂದ. ಸೀಸೆಯ ಮೇಲಿನ ಚೀಟಿಯನ್ನು ಓದಿದೆ. ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಕೊಲ್ಲುವ ತಾಮ್ರದ ಲವಣ ಅದು. ಮೀನು ತಾಳಿಕೊಳ್ಳುವಷ್ಟು ತಾಮ್ರವನ್ನು ಸೀಗಡಿ ತಾಳಲಾರದು. ಆ ಸಂಜೆ ಅವನು ಅದನ್ನು ತೊಟ್ಟಿಗೆ ಸುರಿದಿದ್ದರೆ ಹನ್ನೆರಡು ಸೀಗಡಿಗಳೂ ಬೆಳಗಾಗುವುದರೊಳಗೆ ಸಾಯುವ ಸಂಭವವಿತ್ತು. ಸತ್ತ ಮೇಲೆ ರೋಗವೆಂಬ ಅವನ ನಂಬಿಕೆಯೂ ಗಟ್ಟಿಯಾಗುತ್ತಿತ್ತು.

ಹುಡುಗನ ಭಯಕ್ಕೆ ಕಾರಣವಿಲ್ಲದಿರಲಿಲ್ಲ. ಗಂಗಾವಳಿ, ಅಘನಾಶಿನಿ ಮುಂತಾದ ನದಿಗಳು ಕಡಲನ್ನು ಸೇರುವೆಡೆಯಲ್ಲಿ ಉಬ್ಬರದ ನೀರು ಏರುವ ತಗ್ಗು ಭೂಮಿಗೆ ನಮ್ಮಲ್ಲಿ ಗಜನಿ ಎಂದು ಹೆಸರು. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಅಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುವರು. ಕೊಯ್ಲಾದ ಮೇಲೆ ತೂಬಿನ ಹಲಗೆ ಎತ್ತಿ ಉಪ್ಪುನೀರನ್ನು ಒಳಗೆ ಬಿಟ್ಟರೆ ಅದರೊಡನೆ ಸೀಗಡಿಯ ಮರಿಗಳೂ ಬಂದು ಸೇರಿ ಬೆಳೆಯುವುವು. ಇದು ಹಳೆಯ ಪದ್ಧತಿ. ಅನಂತರ ಕೆಲವರು ಕೊಳ ಕಟ್ಟಿ, ಮರಿ ಕೊಂಡು ತಂದು, ಆಹಾರ ಹಾಕಿ ಹುಲಿಸೀಗಡಿಯನ್ನು ಸಾಕತೊಡಗಿದರು. ಹುಡುಗನ ತಂದೆಯೂ ಅವರಲ್ಲಿ ಒಬ್ಬರು. ಒಂದು ವರ್ಷ ಅವರ ಕೊಳದ ಸೀಗಡಿಗಳು ಮೊದಲು ನಸುಗೆಂಪಾಗಿ, ಬೆನ್ನ ಮೇಲೆ ಬಿಳಿಯ ಚುಕ್ಕೆ ಮೂಡಿ, ಒಂದು ವಾರದೊಳಗೆ ಎಲ್ಲವೂ ಸತ್ತು ದಡಕ್ಕೆ ಬಿದ್ದಿದ್ದುವಂತೆ. ಅಂದಿನಿಂದ ಆ ಮನೆಯಲ್ಲಿ ಸೀಗಡಿಯ ಬಣ್ಣ ಬದಲಾಯಿತೆಂದರೆ ಸಾಲವೆಂದೇ ಅರ್ಥ.

ತಂದೆಯ ಕೊಳದಲ್ಲಿ ಕಂಡ ಬಣ್ಣಕ್ಕೂ ಮಗನ ತೊಟ್ಟಿಯಲ್ಲಿ ಕಂಡ ಬಣ್ಣಕ್ಕೂ ಭೇದವನ್ನು ತಿಳಿಯುವುದು ಹೇಗೆ? ಸೀಗಡಿಯ ಬಣ್ಣವೆಂಬುದು ಒಂದೇ ವಸ್ತುವಲ್ಲವೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಹೊರಗೆ ಗಟ್ಟಿಯಾದ ಚಿಪ್ಪು. ಚಿಪ್ಪಿನ ಕೆಳಗೆ ತೆಳುವಾದ ಚರ್ಮ. ಅದರ ಕೆಳಗೆ ಮಾಂಸ. ಈ ಮೂರೂ ಅರೆಪಾರದರ್ಶಕವಾದುದರಿಂದ ನಮ್ಮ ಕಣ್ಣಿಗೆ ಬರುವ ಬೆಳಕು ಮೂರನ್ನೂ ದಾಟಿ ಬಂದದ್ದು. ಒಂದರ ಮೇಲೊಂದು ಇಟ್ಟ ಮೂರು ಬಣ್ಣದ ಗಾಜುಗಳನ್ನು ನೆನೆಯಿರಿ. ಯಾವ ಗಾಜು ಬದಲಾಯಿತೆಂಬುದು ಗೊತ್ತಾದರೆ ಕಾರಣವೂ ಬಹುಮಟ್ಟಿಗೆ ಗೊತ್ತಾದಂತೆಯೇ. ಅದನ್ನು ತಿಳಿಯಲು ನಮಗೆ ಬೇಕಾದ ಮುಖ್ಯ ಉಪಕರಣ ಗಡಿಯಾರ: ಒಂದೊಂದು ಪದರವೂ ತನ್ನದೇ ವೇಗದಲ್ಲಿ ಬದಲಾಗುತ್ತದೆ.

ಎಲ್ಲಕ್ಕಿಂತ ಬೇಗನೆ ಬದಲಾಗುವುದು ಚರ್ಮ. ಅದರಲ್ಲಿ ಬೇರಿನಂತೆ ಕವಲೊಡೆದ ವರ್ಣಕೋಶಗಳು ಹರಡಿಕೊಂಡಿವೆ. ಅವುಗಳೊಳಗೆ ಕೆಂಪು, ಹಳದಿ, ಬಿಳಿ, ಕಂದು ವರ್ಣಕದ ಸೂಕ್ಷ್ಮ ಕಣಗಳಿರುವುವು. ಕಣಗಳು ಕೋಶದ ನಡುವಿಗೆ ಮುದುಡಿಕೊಂಡರೆ ಒಂದು ಚುಕ್ಕೆಯಷ್ಟೇ ಕಾಣುವುದು. ಕವಲುಗಳ ತುದಿಯವರೆಗೆ ಹರಡಿದರೆ ಮೈಯೆಲ್ಲ ಬಣ್ಣ ಹೊದ್ದಂತೆ ತೋರುವುದು. ಒಂದು ಚಿಟಿಕೆ ಕುಂಕುಮವನ್ನು ಬಿಳಿಯ ಬಟ್ಟೆಯ ಮೇಲೆ ಗುಪ್ಪೆಯಾಗಿಟ್ಟರೆ ಬಟ್ಟೆ ಬಿಳಿಯಾಗಿಯೇ ಉಳಿಯುತ್ತದೆ. ಅದೇ ಚಿಟಿಕೆಯನ್ನು ಅಂಗೈಯಿಂದ ಉಜ್ಜಿದರೆ ಬಟ್ಟೆಯೇ ಕೆಂಪಾಗುತ್ತದೆ. ಕುಂಕುಮದ ತೂಕದಲ್ಲಿ ಏನೂ ವ್ಯತ್ಯಾಸವಾಗಿಲ್ಲ. ಸೀಗಡಿಯೂ ಬಿಳಚಿಕೊಂಡಾಗ ಬಣ್ಣವನ್ನು ಕಳೆದುಕೊಂಡಿರುವುದಿಲ್ಲ, ಮಡಿಸಿ ಇಟ್ಟಿರುತ್ತದೆ.

ಇದಕ್ಕೆ ಅಪ್ಪಣೆ ಕೊಡುವುದು ಕಣ್ಣು. ಆದರೆ ಅಪ್ಪಣೆ ನರಗಳ ಮೂಲಕ ಚರ್ಮಕ್ಕೆ ಹೋಗುವುದಿಲ್ಲ, ರಕ್ತದ ಮೂಲಕ ಹೋಗುತ್ತದೆ. 1925ರ ಸುಮಾರಿಗೆ ಜರ್ಮನಿಯ ಕೋಲರ್ ಎಂಬ ವಿಜ್ಞಾನಿಯು ಕಪ್ಪು ನೆಲದ ಮೇಲಿದ್ದು ಕಪ್ಪಾದ ಸೀಗಡಿಯ ರಕ್ತವನ್ನು ಬಿಳಿಯ ನೆಲದ ಮೇಲಿದ್ದ ಸೀಗಡಿಗೆ ಚುಚ್ಚಿದಾಗ ಎರಡನೆಯದೂ ಕಪ್ಪಾಯಿತು. 1928ರಲ್ಲಿ ಅಮೆರಿಕದ ಪರ್ಕಿನ್ಸ್ ಕಣ್ಣನ್ನು ಹೊತ್ತಿರುವ ಸಣ್ಣ ಕಾಂಡಗಳನ್ನು ಕತ್ತರಿಸಿ ನೋಡಿದನು. ಸೀಗಡಿ ಕಪ್ಪಾಗಿ ಹಾಗೆಯೇ ಉಳಿಯಿತು. ಬಿಳಿಯ ನೆಲದ ಮೇಲಿದ್ದ ಸೀಗಡಿಯ ಕಣ್ಣಿನ ಕಾಂಡವನ್ನು ಅರೆದು ತೆಗೆದ ರಸವನ್ನು ಚುಚ್ಚಿದಾಗ ಅದು ಮತ್ತೆ ಬಿಳಚಿತು. ಆ ರಸದಲ್ಲಿದ್ದ ಹಾರ್ಮೋನನ್ನು ಶುದ್ಧಮಾಡಿ ಅದರ ರಚನೆಯನ್ನು ಸ್ವೀಡನ್ನಿನ ಫರ್ನ್‌ಲುಂಡ್ ಮತ್ತು ಯೋಸೆಫ್‌ಸನ್ ಕಂಡುಹಿಡಿದದ್ದು 1972ರಲ್ಲಿ. ಎಂಟೇ ಅಮೈನೋ ಆಮ್ಲಗಳ ಒಂದು ಪುಟ್ಟ ಸರಪಳಿ! (ಅದೇ ಕಾಂಡದಲ್ಲಿ ಮೊಟ್ಟೆ ಬಲಿಯುವುದನ್ನು ತಡೆಯುವ ಇನ್ನೊಂದು ಹಾರ್ಮೋನೂ ಇರುವುದರಿಂದ, ಹುಲಿಸೀಗಡಿಯ ಮರಿ ಮಾಡುವ ಕೇಂದ್ರಗಳಲ್ಲಿ ತಾಯಿ ಸೀಗಡಿಯ ಒಂದು ಕಣ್ಣನ್ನು ಕತ್ತರಿಸುವ ರೂಢಿ ಬಂದಿತು. ಉಪಯುಕ್ತವಾದದ್ದೇ ಇರಬಹುದು, ನನಗೆ ಮಾತ್ರ ಅದನ್ನು ನೋಡಲು ಮನಸ್ಸಾಗುವುದಿಲ್ಲ.)

ಸೀಗಡಿಯ ಕಣ್ಣು ಏನನ್ನು ಅಳೆಯುತ್ತದೆಂಬುದು ಭೌತಶಾಸ್ತ್ರದವನಿಗೆ ಬಹಳ ರುಚಿಸುವ ಸಂಗತಿ. ಅದು ಬರಿಯ ಬೆಳಕಿನ ಪ್ರಮಾಣವನ್ನು ಅಳೆದರೆ ಮೋಡ ಕವಿದಾಗಲೆಲ್ಲ ಮೋಸಹೋಗಬೇಕಾಗುತ್ತಿತ್ತು. ಅದು ಅಳೆಯುವುದು ಮೇಲಿನಿಂದ ನೇರವಾಗಿ ಬೀಳುವ ಬೆಳಕಿಗೂ ಕೆಳಗಿನ ನೆಲದಿಂದ ಪ್ರತಿಫಲಿಸಿ ಬರುವ ಬೆಳಕಿಗೂ ಇರುವ ನಿಷ್ಪತ್ತಿಯನ್ನು. ನೆಲ ಬಿಳಿಯಾಗಿದ್ದರೆ ಮಧ್ಯಾಹ್ನವೇ ಆಗಲಿ ಸಂಜೆಯೇ ಆಗಲಿ ಕೆಳಗಿನ ಪಾಲು ಹೆಚ್ಚು. ಕಪ್ಪಾಗಿದ್ದರೆ ಎರಡು ಹೊತ್ತಿನಲ್ಲಿಯೂ ಕಡಿಮೆ. ಛಾಯಾಗ್ರಾಹಕರು ಇದನ್ನು ಕಲಿಯುವುದಕ್ಕೆ ಎಷ್ಟೋ ಫಿಲ್ಮು ಹಾಳುಮಾಡಿದ್ದುಂಟು.

ಓದುಗರು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ತೋಡಿನಲ್ಲಿಯೋ ಗದ್ದೆಯ ಕಾಲುವೆಯಲ್ಲಿಯೋ ಸಿಕ್ಕುವ ಸಣ್ಣ ಸೀಗಡಿಗಳಲ್ಲಿ ಕೆಲವನ್ನು ಬಿಳಿಯ ಬೋಗುಣಿಯಲ್ಲಿಯೂ, ಕೆಲವನ್ನು ಒಳಗೆ ಮಸಿ ಹಿಡಿದ ಮಡಕೆಯಲ್ಲಿಯೂ ಬಿಟ್ಟು, ಎರಡನ್ನೂ ಒಂದೇ ಕಿಟಕಿಯ ಬಳಿ ಇಡಿ. ನೀರು ಅದೇ ತೋಡಿನದಾಗಿರಲಿ. ನಲ್ಲಿಯ ನೀರಿನ ಕ್ಲೋರಿನ್ ಅವಕ್ಕೆ ಆಗದು. ಕೆಲವು ಗಂಟೆಗಳ ಮೇಲೆ ಎರಡು ಪಾತ್ರೆಗಳಿಂದಲೂ ಒಂದೊಂದನ್ನು ತೆಗೆದು ಪಕ್ಕಪಕ್ಕದಲ್ಲಿ ಗಾಜಿನ ಲೋಟಗಳಲ್ಲಿ ಬಿಟ್ಟು ಕೈಮಸೂರದಿಂದ ನೋಡಿ. ಚುಕ್ಕೆಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ, ಹರವು ಬೇರೆ. ರಾತ್ರಿ ದೀಪ ಹಚ್ಚಿ ಒಡನೆಯೇ ನೋಡಿದರೆ ಮತ್ತೊಂದು ಬಗೆ ಕಾಣಲೂಬಹುದು. ಇಂಗ್ಲೆಂಡಿನ ಕಡಲತೀರದ ಹಿಪೊಲೈಟ್ ಎಂಬ ಸೀಗಡಿಯನ್ನು 1900ರ ಸುಮಾರಿಗೆ ಅಭ್ಯಸಿಸಿದ ಕೀಬಲ್ ಮತ್ತು ಗ್ಯಾಂಬಲ್ ಎಂಬವರು, ಹಗಲಿನಲ್ಲಿ ತಾನಿರುವ ಪಾಚಿಯಂತೆ ಹಸಿರು, ಕಂದು, ಕೆಂಪು ಬಣ್ಣ ತಾಳುವ ಅದು ರಾತ್ರಿಯಾದೊಡನೆ ತಿಳಿನೀಲಿಯ ಗಾಜಿನಂತಾಗುವುದೆಂದು ವರ್ಣಿಸಿದ್ದಾರೆ.

ನನ್ನ ವಿದ್ಯಾರ್ಥಿಯನ್ನು ನಾನು ಕೇಳಿದ ಮೊದಲ ಪ್ರಶ್ನೆ ಇದೇ: “ತೊಟ್ಟಿಯ ತಳದಲ್ಲಿ ಏನು ಹಾಕಿದ್ದೀಯೆ?” ಅಂದಕ್ಕಾಗಿ ಬಿಳಿಯ ಹರಳುಗಳನ್ನು ಹಾಸಿದ್ದನು.

ಹರಳನ್ನು ಬದಲಿಸಲು ಹೇಳಿದೆ. ಆದರೆ ವರ್ಣಕೋಶಗಳನ್ನು ಹರಡುವುದಕ್ಕೂ ಒಳಗೆ ವರ್ಣಕವಿರಬೇಕಷ್ಟೆ. ಈ ಎರಡನೆಯ ಕಾರಣ ಗಂಟೆಗಳದ್ದಲ್ಲ, ವಾರಗಳದ್ದು. ಸೀಗಡಿಯ ಕೆಂಪಿಗೆ ಮುಖ್ಯ ಕಾರಣವಾದ ಅಸ್ಟಕ್ಸಾಂಥಿನ್ ಎಂಬ ವರ್ಣಕವು ಗಜ್ಜರಿಯ ಬಣ್ಣಕ್ಕೆ ಕಾರಣವಾದ ಕೆರೊಟೀನಿನ ಬಳಗದ್ದು. ಈ ಬಳಗದ ಮೂಲದ್ರವ್ಯವನ್ನು ಸೀಗಡಿ ತಾನಾಗಿ ತಯಾರಿಸಲಾರದು; ಪಾಚಿಯಿಂದಲೋ, ಪಾಚಿ ತಿಂದ ಜೀವಿಗಳಿಂದಲೋ ಕೆರೊಟೀನನ್ನು ಪಡೆದು ಅದನ್ನು ಅಸ್ಟಕ್ಸಾಂಥಿನ್ನಾಗಿ ಮಾರ್ಪಡಿಸಿಕೊಳ್ಳುವುದು. ಆಹಾರದಲ್ಲಿ ಅದಿಲ್ಲದಿದ್ದರೆ ಬಣ್ಣ ಸವೆಯುತ್ತ ಹೋಗುತ್ತದೆ. ಕೊಳದಲ್ಲಿ ಸಾಕಿದ ಹುಲಿಸೀಗಡಿ ಕೆಲವೊಮ್ಮೆ ಹಸಿರುಕಂದಿನ ಬದಲು ನೀಲಿಯಾಗುವುದುಂಟು. ಬೇಯಿಸಿದರೂ ಕೆಂಪಾಗದೆ ಮಾಸಲು ಹಳದಿಯಾಗುವುದು. ಕೊಳ್ಳುವವರು ಅದನ್ನು ಕೀಳೆಂದು ಬೆಲೆ ಇಳಿಸುವರು. ಥಾಯ್ಲೆಂಡಿನಲ್ಲಿ 1993ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ನೀಲಿ ಸೀಗಡಿಗಳಿಗೆ ಕಿಲೋಗ್ರಾಮಿಗೆ 50 ಮಿಲಿಗ್ರಾಮಿನಂತೆ ಅಸ್ಟಕ್ಸಾಂಥಿನ್ ಬೆರೆಸಿದ ಆಹಾರವನ್ನು ನಾಲ್ಕು ವಾರ ತಿನ್ನಿಸಿದಾಗ ಅವು ಮೊದಲಿನ ಬಣ್ಣಕ್ಕೆ ಮರಳಿದುವು. ರೋಗವೆನಿಸಿದ್ದು ಬರಿಯ ಊಟದ ಕೊರತೆಯಾಗಿತ್ತು.

ಇಲ್ಲಿ ಓದುಗರು ಕೇಳಬಹುದು: ವರ್ಣಕ ಕೆಂಪಾಗಿರುವಾಗ ಸೀಗಡಿ ನೀಲಿಯಾಗಿ, ಹಸಿರಾಗಿ ಕಾಣುವುದೆಂತು? ಬಾಣಲೆಯ ಗುಟ್ಟೂ ಇದರಲ್ಲಿಯೇ ಇದೆ. ಅಸ್ಟಕ್ಸಾಂಥಿನ್ ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿ. ಆ ಉದ್ದಕ್ಕೂ ಕೆಲವು ಎಲೆಕ್ಟ್ರಾನುಗಳು ಯಾವುದೊಂದು ಪರಮಾಣುವಿಗೂ ಕಟ್ಟುಬೀಳದೆ ಓಡಾಡಿಕೊಂಡಿರುವುವು. ವೀಣೆಯ ತಂತಿಗೆ ಇಂತಿಂಥ ಸ್ವರಗಳೇ ಸಾಧ್ಯವೆಂಬಂತೆ ಈ ಎಲೆಕ್ಟ್ರಾನುಗಳಿಗೂ ಇಂತಿಂಥ ಶಕ್ತಿಯ ಮೆಟ್ಟಿಲುಗಳೇ ಸಾಧ್ಯ. ಒಂದು ಮೆಟ್ಟಿಲಿನಿಂದ ಮೇಲಿನದಕ್ಕೆ ಏರಲು ತಕ್ಕಷ್ಟು ಶಕ್ತಿಯಿರುವ ಬೆಳಕನ್ನು ಅದು ಹೀರಿಕೊಂಡು ಉಳಿದುದನ್ನು ಬಿಟ್ಟುಕೊಡುವುದು. ಬಿಡಿಯಾಗಿರುವ ಅಸ್ಟಕ್ಸಾಂಥಿನ್ ಹೆಚ್ಚಾಗಿ ಹೀರುವುದು ಸುಮಾರು 480 ನ್ಯಾನೊಮೀಟರ್ ತರಂಗಾಂತರದ ನೀಲಿಹಸಿರು ಬೆಳಕನ್ನು. (ಒಂದು ನ್ಯಾನೊಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು.) ನೀಲಿಹಸಿರು ಹೋದ ಬಿಳಿಯ ಬೆಳಕಿನಲ್ಲಿ ಉಳಿಯುವುದು ಕಿತ್ತಳೆಗೆಂಪು.

ಬದುಕಿರುವ ಸೀಗಡಿಯ ಚಿಪ್ಪಿನಲ್ಲಿ ಈ ಸರಪಳಿಯ ಬಹುಭಾಗ ಬಿಡಿಯಾಗಿರದೆ ಪ್ರೋಟೀನಿನ ಮಡಿಕೆಗಳಲ್ಲಿ ಸಿಕ್ಕಿಕೊಂಡಿರುವುದು. ಸೀಗಡಿಯ ದೊಡ್ಡ ದಾಯಾದಿಯಾದ ಯುರೋಪಿನ ಕಡಲಸಿಗಡಿ, ಎಂದರೆ ಲಾಬ್‌ಸ್ಟರ್, ಈ ವಿಷಯದಲ್ಲಿ ಚೆನ್ನಾಗಿ ಪರೀಕ್ಷಿತವಾಗಿದೆ. ಅದರ ಚಿಪ್ಪಿನ ಕ್ರಸ್ಟಸಯನಿನ್ ಎಂಬ ಪ್ರೋಟೀನಿನೊಳಗೆ ಹೊಕ್ಕ ಅಸ್ಟಕ್ಸಾಂಥಿನ್ ಹೀರುವುದು 632 ನ್ಯಾನೊಮೀಟರ್ ಬೆಳಕನ್ನು, ಎಂದರೆ ಕಿತ್ತಳೆಗೆಂಪನ್ನು. ಆದುದರಿಂದ ಚಿಪ್ಪು ನೀಲಿಯಾಗಿ ತೋರುವುದು. ಲೆಕ್ಕ ಹಾಕಿದರೆ ಮೆಟ್ಟಿಲಿನ ಎತ್ತರ ಸುಮಾರು 2.6 ಎಲೆಕ್ಟ್ರಾನ್ ವೋಲ್ಟಿನಿಂದ 2ರ ಹತ್ತಿರಕ್ಕೆ ಇಳಿದಂತಾಯಿತು. ಅದೇ ಅಣು ಹೊಸ ಜಾಗಕ್ಕೆ ಹೋದ ಮಾತ್ರಕ್ಕೆ ಇಷ್ಟು ಇಳಿಯುವುದು ಸಣ್ಣ ಸಂಗತಿಯಲ್ಲ. 2002ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಕ್ಷಕಿರಣಗಳಿಂದ ಈ ಪ್ರೋಟೀನಿನ ಒಂದು ಘಟಕದ ರಚನೆಯನ್ನು ಬಿಡಿಸಿ, ಅದರಲ್ಲಿ ಎರಡು ವರ್ಣಕದ ಅಣುಗಳು ಬಾಗಿ, ಚಪ್ಪಟೆಯಾಗಿ, ಒಂದರ ಪಕ್ಕದಲ್ಲೊಂದು ಹಿಡಿದಿಡಲ್ಪಟ್ಟಿರುವುದನ್ನು ತೋರಿಸಿದರು. ಬಣ್ಣದ ಇಳಿತದಲ್ಲಿ ಬಾಗುವಿಕೆಯ ಪಾಲೆಷ್ಟು, ವಿದ್ಯುದಾವೇಶದ ಪಾಲೆಷ್ಟು ಎಂಬ ಚರ್ಚೆ ಅನಂತರವೂ ನಡೆಯಿತು.

ಬಿಸಿ ತಗುಲಿದಾಗ ಪ್ರೋಟೀನಿನ ಮಡಿಕೆ ಬಿಚ್ಚಿಹೋಗಿ ಸರಪಳಿ ಬಿಡುಗಡೆ ಹೊಂದುವುದು. ಅದರ ಸಹಜವಾದ ಕೆಂಪು ಹೊರಬೀಳುವುದು. ಬೆಂಕಿಯಿಂದ ಸೀಗಡಿಗೆ ಹೊಸ ಬಣ್ಣವೇನೂ ಬರುವುದಿಲ್ಲ. ಬೆಂಕಿಯೇ ಬೇಕೆಂದೂ ಇಲ್ಲ: ಬಿಸಿಲಲ್ಲಿ ಹರಡಿದ ಒಣಸೀಗಡಿಯೂ ಕೆಂಬಣ್ಣಕ್ಕೆ ತಿರುಗಿರುವುದನ್ನು ನೀವು ಸಂತೆಯಲ್ಲಿ ನೋಡಿರಬಹುದು.

ಮೂರನೆಯ ಬಗೆಯ ಬದಲಾವಣೆ ಪೊರೆ ಕಳಚುವಾಗಿನದು. ಸೀಗಡಿಯ ಚಿಪ್ಪು ಮೈಯೊಡನೆ ಬೆಳೆಯದ ಅಂಗಿ. ಇಕ್ಕಟ್ಟಾದಾಗ ಹಳೆಯದನ್ನು ಕಳಚಲೇಬೇಕು. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅದು ಮಂಕಾಗಿಯೋ ತೆಳುವಾಗಿಯೋ ಕಾಣಬಹುದು. ತೊಟ್ಟಿಯಲ್ಲಿ ಬಿದ್ದ ಖಾಲಿ ಅಂಗಿಯನ್ನು ಕಂಡು ಸೀಗಡಿ ಸತ್ತಿತೆಂದು ಅತ್ತ ಮಕ್ಕಳಿದ್ದಾರೆ. ಒಮ್ಮೊಮ್ಮೆ ಅಂಗಿಯೊಡನೆ ಅಂತಸ್ತೂ ಬದಲಾಗುವುದು. ಭಾರತದ ಎರಡೂ ಕರಾವಳಿಗಳ ನದಿಗಳಲ್ಲಿ ದೊರೆಯುವ, ಸಿಹಿನೀರಿನ ಸೀಗಡಿಗಳಲ್ಲೆಲ್ಲ ದೊಡ್ಡದಾದ ಮ್ಯಾಕ್ರೊಬ್ರೇಕಿಯಮ್ ರೋಸೆನ್‌ಬರ್ಗಿಯಲ್ಲಿ ಗಂಡುಗಳು ಮೂರು ಬಗೆ: ಚಿಕ್ಕವು, ಕಿತ್ತಳೆ ಬಣ್ಣದ ಕೊಂಡಿಯವು, ನೀಲಿ ಕೊಂಡಿಯವು. ಅಧಿಕಾರ ನೀಲಿಯದು. ಕಿತ್ತಳೆಯದು ಬೇಗ ಬೇಗ ಬೆಳೆದು, ಸುತ್ತಲಿನ ನೀಲಿಗಳನ್ನು ಗಾತ್ರದಲ್ಲಿ ಮೀರುವಷ್ಟಾದಾಗ ಒಂದು ಪೊರೆ ಕಳಚಿ ತಾನೇ ನೀಲಿಯಾಗುವುದು. ಕೊಳದಿಂದ ನೀಲಿ ಗಂಡುಗಳನ್ನು ಹಿಡಿದು ತೆಗೆದರೆ ಕಿತ್ತಳೆಯವು ಅವುಗಳ ಜಾಗಕ್ಕೆ ಏರುವುವು. ಪಟ್ಟದ ಬಣ್ಣವೆಂದರೆ ಇದೇ.

ಇವಾವುವೂ ಭಯಪಡಬೇಕಾದುವಲ್ಲ. ಭಯಪಡಬೇಕಾದದ್ದು ಮೂರನೆಯ ಗಾಜು, ಎಂದರೆ ಮಾಂಸ, ಬದಲಾದಾಗ. ಬದುಕಿರುವ ಮಾಂಸದ ಎಳೆಗಳು ಒತ್ತಾಗಿಯೂ ಕ್ರಮವಾಗಿಯೂ ಜೋಡಿಸಿಕೊಂಡಿರುವುದರಿಂದ ಬೆಳಕು ಹೆಚ್ಚು ಚದರದೆ ದಾಟಿಹೋಗುತ್ತದೆ. ಆ ಕ್ರಮ ಕೆಟ್ಟು ಪ್ರೋಟೀನು ಗರಣೆಗಟ್ಟಿದರೆ ಬೆಳಕು ಎಲ್ಲ ದಿಕ್ಕಿಗೂ ಚದರಿ ಮಾಂಸ ಹಾಲಿನಂತೆ ಬೆಳ್ಳಗಾಗುವುದು. ಮೊಟ್ಟೆಯ ಲೋಳೆ ಬೆಂದಾಗ ಆಗುವುದೂ ಇದೇ. ವರ್ಣಕ ಮುದುಡಿ ಬಿಳಚಿದ ಸೀಗಡಿಯ ಮೂಲಕ ಅದರ ಹಿಂದಿರುವ ವಸ್ತು ಇನ್ನೂ ಚೆನ್ನಾಗಿ ಕಾಣುತ್ತದೆ. ಮಾಂಸ ಕೆಟ್ಟು ಬೆಳ್ಳಗಾದುದರ ಮೂಲಕ ಏನೂ ಕಾಣುವುದಿಲ್ಲ. ಒಂದು ಅಚ್ಚಿನ ಅಕ್ಷರವಿರುವ ಕಾಗದವನ್ನು ಗಾಜಿನ ಹಿಂದೆ ಹಿಡಿದರೆ ಸಾಕು, ಎರಡು ಬಿಳುಪುಗಳ ಭೇದ ಗೊತ್ತಾಗಿಬಿಡುವುದು. ಆಮ್ಲಜನಕದ ಕೊರತೆ, ಬಿಸಿ, ಉಪ್ಪಿನ ಅಂಶದ ಹಠಾತ್ ಏರಿಳಿತಗಳಿಂದ ಮಾಂಸ ಹೀಗಾಗಬಹುದು. ರೋಸೆನ್‌ಬರ್ಗಿಯ ಮರಿಗಳಲ್ಲಿ ವೈರಸ್ಸಿನಿಂದ ಬರುವ ಬಿಳಿಬಾಲದ ರೋಗದಲ್ಲಿಯೂ ಹೀಗೆಯೇ.

ಇನ್ನು ತಂದೆಯ ಕೊಳದ ಮಾತು. ಬಿಳಿಚುಕ್ಕೆಯ ರೋಗದ ವೈರಸ್ 1992ರ ಸುಮಾರಿಗೆ ಪೂರ್ವ ಏಷ್ಯದಲ್ಲಿ ಕಾಣಿಸಿಕೊಂಡು 1990ರ ದಶಕದ ನಡುವಿಗೆ ನಮ್ಮ ದೇಶದ ಕರಾವಳಿಗೂ ಬಂದಿತು. ಚುಕ್ಕೆಗಳು ವರ್ಣಕದವಲ್ಲ, ಚಿಪ್ಪಿನ ಒಳಮೈಯಲ್ಲಿ ಸೇರಿದ ಸುಣ್ಣದ ಲವಣಗಳವು. ಆದುದರಿಂದ ಉಜ್ಜಿದರೆ ಹೋಗುವುದಿಲ್ಲ. ತಲೆಯ ಚಿಪ್ಪನ್ನು ಬಿಡಿಸಿ ಬೆಳಕಿಗೆ ಹಿಡಿದರೆ ಸ್ಪಷ್ಟವಾಗಿ ಕಾಣುವುವು. ಅದರೊಡನೆ ಬರುವ ನಸುಗೆಂಪು ಮಾತ್ರ ನಾವು ಮೇಲೆ ವರ್ಣಿಸಿದ ಚರ್ಮದ ಆಟವೇ: ವರ್ಣಕೋಶಗಳು ಅಳತೆಮೀರಿ ಹರಡಿಕೊಂಡಿರುತ್ತವೆ. ಆರೋಗ್ಯದಲ್ಲಿ ಕಣ್ಣಿನ ಅಪ್ಪಣೆಯಂತೆ ನಡೆಯುವ ಯಂತ್ರವೇ ರೋಗದಲ್ಲಿ ಅಪ್ಪಣೆಯಿಲ್ಲದೆ ನಡೆಯುವುದು. ಕೊಳದ ನೆಲ ಬದಲಾಗದೆ, ನೀರಿನ ಬಣ್ಣ ಬದಲಾಗದೆ ಸೀಗಡಿ ಕೆಂಪಾದರೆ, ಅದರೊಡನೆ ಮೇವನ್ನು ಬಿಟ್ಟು ದಡದ ಅಂಚಿಗೆ ಬಂದು ನಿಂತರೆ, ಕಾಯುವುದಕ್ಕೆ ಹೊತ್ತಿಲ್ಲ. ಲಕ್ಷಣ ಕಂಡ ಮೂರರಿಂದ ಹತ್ತು ದಿನಗಳಲ್ಲಿ ಕೊಳವೆಲ್ಲ ಸಾಯಬಹುದು. ಈ ವೈರಸ್ಸಿಗೆ ಔಷಧವಿಲ್ಲ. ಚುಕ್ಕೆಯೂ ಪೂರ್ತಿ ನಂಬತಕ್ಕದ್ದಲ್ಲ: ಕೆಲವು ಬ್ಯಾಕ್ಟೀರಿಯಗಳಿಂದಲೂ ಚುಕ್ಕೆ ಬೀಳುವುದು; 2009ರಲ್ಲಿ ನಮ್ಮ ದೇಶದಲ್ಲಿ ಸಾಕಲು ಅನುಮತಿ ದೊರೆತ ವನ್ನಾಮೆ ಸೀಗಡಿಯಲ್ಲಿ ಚುಕ್ಕೆಯಿಲ್ಲದೆಯೂ ಈ ರೋಗ ಬರುವುದು. ಆದುದರಿಂದಲೇ ಮರಿಗಳನ್ನು ಕೊಳಕ್ಕೆ ಬಿಡುವ ಮೊದಲೇ ಪಿ.ಸಿ.ಆರ್. ಪರೀಕ್ಷೆ ಮಾಡಿಸಬೇಕು. ಹುಡುಗನ ತಂದೆ ಆ ವರ್ಷ ಅದನ್ನು ಮಾಡಿಸಿರಲಿಲ್ಲ; ಮುಂದಿನ ವರ್ಷಗಳಲ್ಲಿ ಮಾಡಿಸುತ್ತಿದ್ದಾರೆ.

ತೊಟ್ಟಿಯ ಸೀಗಡಿಗಳು ಏನಾದುವು? ಬಿಳಿಯ ಹರಳನ್ನು ತೆಗೆದು ಹೊಳೆಯ ಕರಿಯ ಜಲ್ಲಿಯನ್ನು ತೊಳೆದು ಹಾಸಿದ್ದಾಯಿತು. ಔಷಧದ ಸೀಸೆ ನನ್ನ ಮೇಜಿನ ಖಾನೆಯಲ್ಲಿ ಉಳಿಯಿತು. ಸೋಮವಾರ ಹುಡುಗನು ಬಂದು, ಹನ್ನೊಂದು ಕೆಂಪಾಗಿವೆ, ಹೆಣ್ಣುಗಳು ಗಂಡುಗಳಿಗಿಂತ ಹೆಚ್ಚು ಕೆಂಪು ಎಂದು ತಿಳಿಸಿದನು. ಹನ್ನೆರಡನೆಯದು ಬೆಳ್ಳಗೆಯೇ ಇತ್ತು. ಗಾಜಿನ ಹಿಂದೆ ಪಠ್ಯಪುಸ್ತಕದ ಹಾಳೆಯನ್ನು ಹಿಡಿದು ನೋಡಿದನಂತೆ. ಅದರ ಬಾಲದ ಮೂಲಕ ಅಕ್ಷರ ಕಾಣಲಿಲ್ಲ. ಅದನ್ನು ಆಗಲೇ ಬೇರೆ ಪಾತ್ರೆಗೆ ಎತ್ತಿ ಇಟ್ಟಿದ್ದನು. ಬುಧವಾರ ಅದು ಸತ್ತಿತು.